ಕಾಶ್ಮೀರದ ಸರೋವರಗಳ ನಡುವೆ ಎಂಟು ದಿನ: ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಒಟ್ಟಿಗೆ ಪಿಯುಸಿ ಓದಿದ ನಾವು ಐದು ಜನ 2023ರ ಆಗಸ್ಟ್‌ನಲ್ಲಿ ಸೋನಮರ್ಗ್‌ನಿಂದ ನಾರಾನಾಗ್‌ವರೆಗೆ ನಡೆದೆವು. ಮೂವರು ಗಂಡಸರು, ಇಬ್ಬರು ಹೆಂಗಸರು, ಎಲ್ಲರಿಗೂ ನಲವತ್ತು ಹತ್ತಿರ. ಏಳು ದಿನದ ದಾರಿಗೆ ಎಂಟು ದಿನ ತೆಗೆದುಕೊಂಡೆವು. ವಾಪಸ್ ಬಂದ ಮೇಲೆ ಮದುವೆ ಮನೆಯಲ್ಲಿ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಜನ ಕೇಳಿದ್ದನ್ನೇ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ.

## ಮೊದಲ ಸಲ ಕೇಳುವವರಿಗೆ

ಇದು ಯಾವ ಜಾಗ? ಫೋಟೋದಲ್ಲಿರೋ ಆ ನೀಲಿ ಕೆರೆಗಳು ನಿಜವಾಗ್ಲೂ ಹಾಗೇ ಇವೆಯಾ?

ಹಾಗೇ ಇವೆ. ಕೆಲವು ಫೋಟೋದಲ್ಲಿ ಕಾಣುವುದಕ್ಕಿಂತಲೂ ಚೆನ್ನಾಗಿವೆ. ಟ್ರೆಕ್ ಮಾಡುವವರು ಇದನ್ನು ಕಾಶ್ಮೀರ್ ಗ್ರೇಟ್ ಲೇಕ್ಸ್ ಎನ್ನುತ್ತಾರೆ. ಶ್ರೀನಗರದಿಂದ ಸುಮಾರು 80 ಕಿ.ಮೀ. ದೂರದ ಸೋನಮರ್ಗ್‌ನಲ್ಲಿ ಶುರು, ನಾರಾನಾಗ್ ಎಂಬ ಹಳ್ಳಿಯಲ್ಲಿ ಕೊನೆ. ಒಟ್ಟು 70 ಕಿ.ಮೀ. ಮೇಲೆ ನಡಿಗೆ. ದಾರಿಯಲ್ಲಿ ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಬಲ್, ನುಂದ್‌ಕೋಲ್ ಸಿಗುತ್ತವೆ.

ಆ ಹೆಸರುಗಳು ನಮಗೆ ದೂರದವೇನಲ್ಲ. ಕಾಶ್ಮೀರಿಯ ‘ಸರ್’ ಅಂದರೆ ನಮ್ಮ ಸರಸ್ಸು, ಸರೋವರ. ವಿಷ್ಣುವಿನ ಸರಸ್ಸು ವಿಶನ್‌ಸರ್, ಕೃಷ್ಣನದು ಕಿಶನ್‌ಸರ್. ‘ಗಾಡ್’ ಅಂದರೆ ಮೀನು, ಹಾಗಾಗಿ ಗಡ್‌ಸರ್ ಮೀನಿನ ಕೆರೆ. ಸತ್‌ಸರ್ ಏಳು ಕೆರೆಗಳ ಗುಂಪು. ಬೇಸಿಗೆ ಕೊನೆಗೆ ಹೋದರೆ ಅವುಗಳಲ್ಲಿ ಕೆಲವು ಒಣಗಿರುತ್ತವೆ. ಏಳೂ ಕಾಣಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಬಣ್ಣದ ವಿಷಯ ಕೇಳಿದಿರಿ. ಹಿಮನದಿಗಳು ಬೆಟ್ಟವನ್ನು ಕೊರೆದು ಮಾಡಿದ ಬೋಗುಣಿಗಳು ಇವು. ಹಿಮ ಉಜ್ಜಿದಾಗ ಕಲ್ಲು ನುಣ್ಣನೆ ಪುಡಿಯಾಗಿ ನೀರಿನಲ್ಲಿ ತೇಲುತ್ತದೆ. ಆ ಪುಡಿಗೆ ಬೆಳಕು ತಾಗಿ ನೀರು ಹಸಿರು-ನೀಲಿಯಾಗಿ ಕಾಣುತ್ತದೆ. ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಇನ್ನೊಂದು. ಮೋಡ ಮುಚ್ಚಿದರೆ ಸೀಸದ ಬಣ್ಣ.

ಜುಲೈ-ಆಗಸ್ಟ್‌ನಲ್ಲಿ ಮಳೆ ಅಲ್ವಾ? ಆಗ ಯಾಕೆ ಹೋಗೋದು?

ಆ ತಿಂಗಳಲ್ಲಿ ನಮ್ಮ ಘಟ್ಟದಲ್ಲಿ ಹೊರಗೆ ಕಾಲಿಡಲು ಆಗುವುದಿಲ್ಲ, ನಿಜ. ಹಿಮಾಲಯದ ಬಹುಪಾಲು ಜಾಗಗಳಲ್ಲೂ ಮಳೆಗಾಲವೇ. ಆದರೆ ಕಾಶ್ಮೀರ ಕಣಿವೆಯ ದಕ್ಷಿಣಕ್ಕೆ ಪೀರ್ ಪಂಜಾಲ್ ಸಾಲು ಗೋಡೆಯ ಹಾಗೆ ನಿಂತಿದೆ. ಮುಂಗಾರು ಮೋಡದ ಬಹುಪಾಲನ್ನು ಅದೇ ತಡೆಯುತ್ತದೆ. ಮಳೆ ಬಂದೇ ಬರುತ್ತದೆ, ಆದರೆ ಆಗುಂಬೆಯ ಮಳೆಯಲ್ಲ. ಹೆಚ್ಚಾಗಿ ಮಧ್ಯಾಹ್ನದ ಮೇಲೆ ಒಂದೆರಡು ಗಂಟೆ.

ಜುಲೈ ಮೊದಲ ವಾರಗಳಲ್ಲಿ ಪಾಸ್‌ಗಳ (ಬೆಟ್ಟಸಾಲು ದಾಟುವ ಎತ್ತರದ ಕಣಿವೆದಾರಿಗಳ) ಮೇಲೆ ಹಿಮ ಇರುತ್ತದೆ, ಕೆರೆಯಲ್ಲೂ ಮಂಜುಗಡ್ಡೆ ತೇಲುತ್ತದೆ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಹೂವಿನ ಕಾಲ. ಸೆಪ್ಟೆಂಬರ್‌ನಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ, ಆಕಾಶ ತಿಳಿ, ರಾತ್ರಿ ಚಳಿ ಸೊನ್ನೆ ಡಿಗ್ರಿಯ ಹತ್ತಿರ. ನನ್ನನ್ನು ಕೇಳಿದರೆ ಆಗಸ್ಟ್ ಎರಡನೇ ವಾರದ ನಂತರ. ಒಂದು ಎಚ್ಚರಿಕೆ: ಕಾಶ್ಮೀರದ 2014ರ ದೊಡ್ಡ ಪ್ರವಾಹ ಬಂದದ್ದು ಸೆಪ್ಟೆಂಬರ್‌ನಲ್ಲೇ. ಯಾವ ತಿಂಗಳಿಗೂ ಗ್ಯಾರಂಟಿ ಇಲ್ಲ.

ನಾನು ಕುಮಾರ ಪರ್ವತ ಹತ್ತಿದ್ದೀನಿ. ಇದು ಅದಕ್ಕಿಂತ ಕಷ್ಟವಾ?

ಕಷ್ಟ, ಆದರೆ ಬೇರೆ ಥರ. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ 1,500 ಮೀಟರಿಗೂ ಜಾಸ್ತಿ ಏರು. ಕಾಶ್ಮೀರದಲ್ಲಿ ಒಂದೇ ದಿನ ಅಷ್ಟು ಏರುವುದಿಲ್ಲ. ಅಲ್ಲಿ ಕಷ್ಟ ಕೊಡುವುದು ಎರಡು. ಒಂದು, ಗಾಳಿ. 4,200 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ನೂರಕ್ಕೆ ಅರವತ್ತರಷ್ಟು. ಹತ್ತು ಹೆಜ್ಜೆಗೆ ಏದುಸಿರು ಬರುತ್ತದೆ. ಎರಡು, ದಿನಾ ನಡೆಯಬೇಕು. ಕುಮಾರ ಪರ್ವತ ಇಳಿದು ಬಂದರೆ ಮರುದಿನ ಹಾಸಿಗೆ ಮೇಲೆ ಇರಬಹುದು. ಇಲ್ಲಿ ಮರುದಿನ ಬೆಳಿಗ್ಗೆ ಏಳಕ್ಕೆ ಮತ್ತೆ ಶೂ ಹಾಕಬೇಕು.

ಕುಮಾರ ಪರ್ವತ ಹತ್ತಿ ಇಳಿದು, ಮಾರನೇ ದಿನ ಐದು ಕಿ.ಮೀ. ಆರಾಮಾಗಿ ನಡೆಯಲು ಆಗುತ್ತದೆಯೇ? ಆಗುತ್ತದೆ ಎಂದಾದರೆ ನಿಮ್ಮ ಕಾಲು ತಯಾರಿದೆ.

ಅಲ್ಲಿ ಇಂಬಳ ಇರ್ತದಾ?

ಇಲ್ಲ. ಮಲೆನಾಡಿನ ಗೆಳೆಯರು ಮೊದಲು ಕೇಳುವುದು ಇದನ್ನೇ. ಸುಣ್ಣ, ನಶ್ಯ ಮನೆಯಲ್ಲೇ ಬಿಡಿ.

ಈಗ ಕಾಶ್ಮೀರಕ್ಕೆ ಹೋಗೋದು ಸುರಕ್ಷಿತವಾ? ಅಮ್ಮ ಒಪ್ತಾ ಇಲ್ಲ.

ಅಮ್ಮನ ಭಯಕ್ಕೆ ಕಾರಣ ಇದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಹತ್ತಿರದ ಬೈಸರನ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಅದರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಆಮೇಲೆ ಕಣಿವೆಯ ಹಲವು ತಾಣಗಳನ್ನು ಮುಚ್ಚಿದರು, ಕೆಲವನ್ನು ಹಂತಹಂತವಾಗಿ ತೆರೆದರು. ನಾವು ಹೋಗಿದ್ದು ಅದಕ್ಕೂ ಸುಮಾರು ಎರಡು ವರ್ಷ ಮುಂಚೆ. ‘ನಾವು ಹೋಗಿ ಬಂದೆವು, ಏನೂ ಆಗಲಿಲ್ಲ, ನೀವೂ ಹೋಗಿ’ ಎಂದು ಹೇಳುವ ಹಕ್ಕು ನನಗಿಲ್ಲ.

ಹೇಳಬಹುದಾದದ್ದು ಇಷ್ಟು. ಹೊರಡುವ ವರ್ಷ ಆಡಳಿತ ಈ ದಾರಿಗೆ ಅನುಮತಿ ಕೊಡುತ್ತಿದೆಯೇ ಎಂದು ಮೊದಲು ಕೇಳಿ. ಇಲ್ಲ ಎಂದರೆ ಇಲ್ಲ. ಅಡ್ಡದಾರಿ ಹುಡುಕಬೇಡಿ. ಗಡ್‌ಸರ್ ಕಡೆಯಿಂದ ನಿಯಂತ್ರಣ ರೇಖೆ ಬಹಳ ದೂರವಿಲ್ಲ. ದಾರಿಯಲ್ಲಿ ಸೇನೆಯವರು ತಡೆದು ಗುರುತಿನ ಚೀಟಿ ನೋಡುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ. ಮೂಲ ಆಧಾರ್ ಕೈಯಲ್ಲಿರಲಿ. ಅವರ ಕ್ಯಾಂಪಿನ ಫೋಟೋ ತೆಗೆಯಬೇಡಿ, ಡ್ರೋನ್ ತರಲೇಬೇಡಿ. ಇಷ್ಟಾದ ಮೇಲೂ ಮನೆಯವರಿಗೆ ಸಮಾಧಾನ ಇಲ್ಲವಾದರೆ ಒಂದು ವರ್ಷ ಕಾಯಿರಿ. ಕೆರೆಗಳು ಅಲ್ಲೇ ಇರುತ್ತವೆ.

## ಹೊರಡುವ ಮುಂಚೆ

ಬೆಂಗಳೂರಿನಿಂದ ಹೇಗೆ ಹೋಗೋದು?

ಶ್ರೀನಗರಕ್ಕೆ ವಿಮಾನ, ಅಲ್ಲಿಂದ ಸೋನಮರ್ಗ್‌ಗೆ ಟ್ಯಾಕ್ಸಿ. 2025ರ ಜೂನ್‌ನಿಂದ ಕಟ್ರಾ-ಶ್ರೀನಗರ ರೈಲೂ ಓಡುತ್ತಿದೆ. ಚೆನಾಬ್ ನದಿಯ ಮೇಲೆ 359 ಮೀಟರ್ ಎತ್ತರದ ಸೇತುವೆ ದಾಟಿ ಹೋಗುತ್ತದೆ. ಸಮಯ ಇದ್ದವರು ಇದನ್ನೇ ಹಿಡಿಯಿರಿ.

ಅಮರನಾಥ ಯಾತ್ರೆ ನಡೆಯುವ ದಿನಗಳಲ್ಲಿ ಸೋನಮರ್ಗ್ ರಸ್ತೆಯಲ್ಲಿ ಯಾತ್ರಿಕರ ವಾಹನಗಳ ಸಾಲೇ ಇರುತ್ತದೆ. ಯಾತ್ರೆಯ ಒಂದು ದಾರಿ ಶುರುವಾಗುವ ಬಾಲ್ತಾಲ್‌ಗೆ ಅದೇ ರಸ್ತೆ. ಆಗ ಪ್ರಯಾಣಕ್ಕೆ ಅರ್ಧ ದಿನ ಜಾಸ್ತಿ ಇಟ್ಟುಕೊಳ್ಳಿ.

ಪ್ಯಾಕೇಜಿನಲ್ಲಿ ಹೋಗೋದಾ, ನಾವೇ ಹೋಗೋದಾ?

ಮೊದಲ ಸಲ ಎತ್ತರಕ್ಕೆ ಹೋಗುತ್ತಿದ್ದರೆ ಒಳ್ಳೆಯ ಸಂಸ್ಥೆಯ ಜೊತೆ ಹೋಗಿ. ನಾಚಿಕೆ ಪಡುವ ವಿಷಯ ಅಲ್ಲ.

ನಾವು ನಡುವಿನ ದಾರಿ ಹಿಡಿದೆವು. ಸ್ಥಳೀಯ ಗೈಡ್ ಒಬ್ಬರು, ಅಡುಗೆಯವರು ಒಬ್ಬರು, ಕುದುರೆಯವರು ಒಬ್ಬರು. ಟೆಂಟು, ಪಾತ್ರೆ, ರೇಷನ್ ಕುದುರೆ ಮೇಲೆ. ನಮ್ಮ ಬಟ್ಟೆ, ಸ್ಲೀಪಿಂಗ್ ಬ್ಯಾಗ್, ತಿಂಡಿ, ನೀರು ನಮ್ಮ ಬೆನ್ನ ಮೇಲೆ, ತಲಾ ಹನ್ನೊಂದು ಕೆ.ಜಿ. ಸುಮಾರು. ಹೀಗೆ ಹೋದರೆ ಒಂದು ದೊಡ್ಡ ಲಾಭ: ದಿನಗಳು ನಿಮ್ಮ ಕೈಯಲ್ಲಿರುತ್ತವೆ. ಇಪ್ಪತ್ತು ಜನರ ಬ್ಯಾಚಿನಲ್ಲಿ ನಿಮ್ಮೊಬ್ಬರ ತಲೆನೋವಿಗೆ ಎಲ್ಲರೂ ಒಂದು ದಿನ ನಿಲ್ಲುವುದು ಕಷ್ಟ. ನಾವು ನಿಂತೆವು. ಆ ಕಥೆ ಮುಂದೆ ಬರುತ್ತದೆ.

ಗೈಡ್ ಇಲ್ಲದೆ, ಮ್ಯಾಪ್ ಮಾತ್ರ ನಂಬಿ ಹೋಗುವುದು ಬೇಡ. ದಾರಿ ತಪ್ಪುವ ಭಯ ಒಂದೇ ಅಲ್ಲ. ಸೇನೆಯ ಚೆಕ್‌ಪೋಸ್ಟ್‌ನಲ್ಲಿ ಮಾತಾಡಲು, ಕುರಿಗಾರರ ಹತ್ತಿರ ದಾರಿ ಕೇಳಲು ಅಲ್ಲಿನವರೇ ಬೇಕು.

ಎಷ್ಟು ತಿಂಗಳು ಮುಂಚೆ ತಯಾರಿ ಶುರು ಮಾಡ್ಬೇಕು? ಜಿಮ್ ಸಾಕಾ?

ಮೂರು ತಿಂಗಳು. ಜಿಮ್‌ಗಿಂತ ಮೆಟ್ಟಿಲು ಮೇಲು. ನಾವು ಅವರವರ ಊರಿನಲ್ಲಿ ವಾರಕ್ಕೆ ನಾಲ್ಕು ದಿನ ಐದು ಕಿ.ಮೀ. ಚುರುಕಾಗಿ ನಡೆದೆವು, ಒಂದು ದಿನ ಬ್ಯಾಗಿಗೆ ನೀರಿನ ಬಾಟಲಿ ತುಂಬಿಕೊಂಡು ಮೆಟ್ಟಿಲು ಹತ್ತಿ ಇಳಿದೆವು. ಮೈಸೂರಿನ ಗೆಳತಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇತ್ತು, ಅದಕ್ಕಿಂತ ಒಳ್ಳೆಯ ಜಿಮ್ ಇಲ್ಲ.

ಇಳಿಯುವುದನ್ನು ಮರೆಯಬೇಡಿ. ಎಲ್ಲರೂ ಹತ್ತುವ ಅಭ್ಯಾಸ ಮಾಡಿ ಲಿಫ್ಟ್‌ನಲ್ಲಿ ಇಳಿಯುತ್ತಾರೆ. ಕೊನೆಯ ದಿನ ಗಂಗಬಲ್‌ನಿಂದ ನಾರಾನಾಗ್‌ಗೆ 1,200 ಮೀಟರಿಗೂ ಹೆಚ್ಚು ಇಳಿಜಾರು. ಮಂಡಿ ಬೇಡಿಕೊಳ್ಳುವುದು ಆಗ.

ಶೂ ಬಾಡಿಗೆಗೆ ತಗೋಬಹುದಾ?

ಟೆಂಟು, ಜಾಕೆಟ್, ಕೋಲು ಬಾಡಿಗೆಗೆ ತರಬಹುದು. ಶೂ ಬೇಡ. ನಮ್ಮಲ್ಲಿ ಒಬ್ಬ ಬಾಡಿಗೆ ಶೂ ತಂದಿದ್ದ. ಗಡ್‌ಸರ್ ಪಾಸ್ ಇಳಿಯುವಾಗ ಅದರ ಅಟ್ಟೆ ಬಾಯಿಬಿಟ್ಟಿತು. ಟೆಂಟಿನ ಹಗ್ಗ ಸುತ್ತಿ ಕಟ್ಟಿಕೊಂಡು ಮೂರು ದಿನ ನಡೆದ. ಅವನು ಗೊಣಗಲಿಲ್ಲ, ಆದರೆ ಒದ್ದೆ ಕಲ್ಲಿನ ಮೇಲೆ ಅವನು ಕಾಲಿಟ್ಟಾಗಲೆಲ್ಲ ನಮಗೆ ಎದೆ ಹೊಡೆದುಕೊಳ್ಳುತ್ತಿತ್ತು. ಕಣಕಾಲು ಮುಚ್ಚುವ ಸ್ವಂತ ಶೂ ಕೊಂಡು, ಹೊರಡುವ ಮುಂಚೆ ಕನಿಷ್ಠ ಐವತ್ತು ಕಿ.ಮೀ. ಅದರಲ್ಲೇ ನಡೆಯಿರಿ.

ಬ್ಯಾಗಿನಲ್ಲಿ ಏನೇನು ಇಟ್ಕೊಳ್ಲಿ? ಎಲ್ಲರೂ ಒಂದೊಂದು ಪಟ್ಟಿ ಕೊಡ್ತಾರೆ.

ಪಟ್ಟಿ ಎಲ್ಲರ ಹತ್ತಿರ ಇದೆ, ನಾನು ಅದರಲ್ಲಿ ಸೇರದೆ ಹೋಗುವ ವಸ್ತುಗಳನ್ನು ಹೇಳುತ್ತೇನೆ.

ದೊಡ್ಡ ಪ್ಲಾಸ್ಟಿಕ್ ಚೀಲ. ಬ್ಯಾಗಿನ ಒಳಗೆ ಅದನ್ನು ಹಾಸಿ ಅದರೊಳಗೆ ಬಟ್ಟೆ ತುಂಬಿ. ಹೊರಗಿನ ರೈನ್‌ಕವರ್ ಒಂದನ್ನೇ ನಂಬಬೇಡಿ. ಮಲಗುವುದಕ್ಕೆ ಅಂತಲೇ ಒಂದು ಜೊತೆ ಒಣ ಉಣ್ಣೆ ಕಾಲುಚೀಲ, ಏನೇ ಆದರೂ ಹಗಲು ಅದನ್ನು ಹಾಕಬಾರದು. ಹೊಳೆ ದಾಟಲು ಹಿಂದೆ ಪಟ್ಟಿ ಇರುವ ಚಪ್ಪಲಿ. ತುಟಿಗೆ ಮುಲಾಮು, ಕಪ್ಪು ಕನ್ನಡಕ. ಪ್ರತಿ ಸಾವಿರ ಮೀಟರಿಗೆ ಸುಡುವ ಕಿರಣ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಚಳಿ ಇದೆ ಅಂತ ನಾವು ಮೊದಲ ದಿನ ಸನ್‌ಸ್ಕ್ರೀನ್ ಹಚ್ಚಲಿಲ್ಲ. ಮೂರನೇ ದಿನಕ್ಕೆ ಮೂಗಿನ ಚರ್ಮ ಸುಲಿದಿತ್ತು.

ಅಡುಗೆ ಗ್ಯಾಸಿನ ಸಣ್ಣ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಶ್ರೀನಗರದಲ್ಲೇ ಕೊಳ್ಳಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಚೆಕ್-ಇನ್ ಬ್ಯಾಗಿನಲ್ಲಿ ಬೇಡ.

ಫೋನ್ ಸಿಗುತ್ತಾ?

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದೂ ಸೋನಮರ್ಗ್ ಬಿಟ್ಟು ಮೇಲೆ ಹೋದ ಮೇಲೆ ಇಲ್ಲ ಎಂದೇ ತಿಳಿಯಿರಿ. ‘ಇಂಥ ದಿನ ರಾತ್ರಿಯವರೆಗೆ ಫೋನ್ ಬರಲ್ಲ, ಇನ್ನೂ ಎರಡು ದಿನ ತಡವಾದರೂ ಗಾಬರಿಯಾಗಬೇಡಿ’ ಎಂದು ಮನೆಯಲ್ಲಿ ಕ್ಯಾಲೆಂಡರ್ ಮೇಲೆ ಬರೆದಿಟ್ಟು ಹೊರಡಿ.

## ದಾರಿಯಲ್ಲಿ

ಒಂದೊಂದು ದಿನ ಎಷ್ಟು ನಡೆಯೋದು? ಯಾವ ದಿನ ಕಷ್ಟ?

ದಿನಕ್ಕೆ 10ರಿಂದ 15 ಕಿ.ಮೀ. ಮೊದಲ ದಿನ ಸೋನಮರ್ಗ್ ಹತ್ತಿರದ ಶಿಟ್ಕಡಿಯಿಂದ ಏರಿ, ಭೂರ್ಜ ಮರಗಳ ಕಾಡು ದಾಟಿ ನಿಚ್ನಾಯಿ. ಆ ಮರದ ತೊಗಟೆಯೇ ಹಿಂದೆ ಕಾಶ್ಮೀರದಲ್ಲಿ ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರ. ಬಿಳಿ ತೊಗಟೆ ಕಾಗದದ ಹಾಗೆ ಸುಲಿದು ಬಂದಿರುತ್ತದೆ. ನೋಡಿ, ಕೀಳಬೇಡಿ. ಎರಡನೇ ದಿನ ನಿಚ್ನಾಯಿ ಪಾಸ್ ದಾಟಿ ವಿಶನ್‌ಸರ್. ಅಲ್ಲಿ ಒಂದು ದಿನ ವಿಶ್ರಾಂತಿ, ಕಿಶನ್‌ಸರ್ ನೋಡುವುದು. ನಾಲ್ಕನೇ ದಿನ ಗಡ್‌ಸರ್ ಪಾಸ್. ಐದನೇ ದಿನ ಸತ್‌ಸರ್. ಆರನೇ ದಿನ ಝಜ್ ಪಾಸ್ ದಾಟಿ ಗಂಗಬಲ್. ಏಳನೇ ದಿನ ನಾರಾನಾಗ್.

ಉಸಿರಿಗೆ ಕಷ್ಟ ನಾಲ್ಕನೇ ದಿನ. ಗಡ್‌ಸರ್ ಪಾಸ್ ಸುಮಾರು 4,200 ಮೀಟರ್, ಈ ದಾರಿಯ ಅತಿ ಎತ್ತರದ ಜಾಗ. ಆದರೆ ಅಲ್ಲಿ ತಿರುಗಿ ನೋಡಿದರೆ ಕಿಶನ್‌ಸರ್, ವಿಶನ್‌ಸರ್ ಎರಡೂ ಒಟ್ಟಿಗೆ ಕಾಣುತ್ತವೆ. ಮೇಲಿನದು ಕಿಶನ್‌ಸರ್, ಅದರ ನೀರು ಇಳಿದು ವಿಶನ್‌ಸರ್ ಸೇರುತ್ತದೆ. ಅಲ್ಲಿಂದ ಹೊರಟ ನೀರು ಕಿಶನ್‌ಗಂಗಾ ನದಿಯಾಗಿ ನಿಯಂತ್ರಣ ರೇಖೆ ದಾಟಿ, ಆ ಕಡೆ ನೀಲಂ ಎಂದು ಹೆಸರು ಬದಲಿಸಿಕೊಂಡು, ಮುಜಫರಾಬಾದ್ ಹತ್ತಿರ ಝೇಲಂಗೆ ಸೇರುತ್ತದೆ. ಒಂದು ನದಿಯ ತೊಟ್ಟಿಲನ್ನು ಹಾಗೆ ಮೇಲಿನಿಂದ ನೋಡುವುದು ಬದುಕಿನಲ್ಲಿ ಎಷ್ಟು ಸಲ ಸಿಗುತ್ತದೆ ಹೇಳಿ. ಅರ್ಧ ಗಂಟೆ ಅಲ್ಲೇ ಕೂತಿದ್ದೆವು, ಯಾರೂ ಮಾತಾಡಲಿಲ್ಲ.

ಕಾಲಿಗೆ ಕಷ್ಟ ಆರನೇ ದಿನ. ಸತ್‌ಸರ್ ಬಿಟ್ಟ ಕೂಡಲೇ ದೊಡ್ಡ ಬಂಡೆಗಳ ಮೇಲೆ ಹೆಜ್ಜೆ ಇಟ್ಟು ದಾಟಬೇಕು. ಮಳೆ ಬಂದಿದ್ದರೆ ಕೈ ಖಾಲಿ ಇಟ್ಟುಕೊಳ್ಳಿ, ಕೋಲು ಬ್ಯಾಗಿಗೆ ಸಿಕ್ಕಿಸಿ.

ಊಟ ಏನು ಸಿಗುತ್ತೆ? ಅನ್ನ-ಸಾರು ಇಲ್ದೆ ನನಗೆ ಆಗಲ್ಲ.

ಅನ್ನ ಸಿಗುತ್ತದೆ, ಆದರೆ ಕುಕ್ಕರ್ ಇದ್ದರೆ ಮಾತ್ರ. ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ. ವಿಶನ್‌ಸರ್ ಎತ್ತರದಲ್ಲಿ ಸುಮಾರು 88 ಡಿಗ್ರಿಗೇ ಕುದಿ ಬರುತ್ತದೆ. ಅದಕ್ಕಿಂತ ಬಿಸಿ ಏರುವುದಿಲ್ಲ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಗಂಟೆಗಟ್ಟಲೆ ಇಟ್ಟರೂ ಕಲ್ಲಿನ ಹಾಗೆ ಉಳಿಯುತ್ತದೆ. ಹೆಸರುಬೇಳೆ, ಮಸೂರ್ ಬೇಳೆ ಒಯ್ಯಿರಿ, ಒಂದು ಸಣ್ಣ ಕುಕ್ಕರ್ ಕುದುರೆ ಮೇಲೆ ಹಾಕಿ. ಸಾರಿನ ಪುಡಿ, ಹುಣಸೆ ಪೇಸ್ಟ್, ಸ್ವಲ್ಪ ಬೆಲ್ಲ ಇದ್ದರೆ ನಿಮ್ಮ ಸಾರು ತಯಾರು. ಅಡುಗೆಯವರಿಗೆ ನಾವು ಸಾರು ಕಲಿಸಿದೆವು, ಅವರು ನಮಗೆ ನುಣ್ ಚಾಯ್ ಕೊಟ್ಟರು. ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾ. ಮೊದಲ ಗುಟುಕಿಗೆ ಮುಖ ಕಿವುಚಿಕೊಂಡವರೇ ನಾಲ್ಕನೇ ದಿನ ಎರಡು ಲೋಟ ಕುಡಿದರು.

ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ. ಆಗ ಬಾಯಿಗೆ ರುಚಿಸುವುದು ಮನೆಯ ರುಚಿ ಮಾತ್ರ. ನಾವು ಒಯ್ದದ್ದು ಗೊಜ್ಜವಲಕ್ಕಿ, ಚಟ್ನಿಪುಡಿ, ಕೋಡುಬಳೆ, ಕಡಲೆಕಾಯಿ ಚಿಕ್ಕಿ, ರಾಗಿ ಹುರಿಹಿಟ್ಟು. ಹುರಿಹಿಟ್ಟಿಗೆ ಬಿಸಿನೀರು, ಬೆಲ್ಲ ಕಲಸಿದರೆ ಬೆಳಿಗ್ಗೆ ಆರಕ್ಕೆ ಒಲೆ ಹತ್ತುವ ಮುಂಚೆಯೇ ತಿಂಡಿ ಆಯಿತು. ನಮ್ಮ ಅಜ್ಜಂದಿರು ಹೊಲಕ್ಕೆ ಒಯ್ಯುತ್ತಿದ್ದದ್ದೇ ಪಾಸ್ ದಾಟಲು ಸಾಕಾಯಿತು.

ಕೆರೆ ನೀರು ಹಾಗೇ ಕುಡೀಬಹುದಾ? ಅಷ್ಟು ಸ್ವಚ್ಛ ಇದೆಯಲ್ಲ.

ಬೇಡ. ಕಣ್ಣಿಗೆ ಸ್ವಚ್ಛ, ಆದರೆ ಮೇಲಿನ ಹುಲ್ಲುಗಾವಲಲ್ಲಿ ಸಾವಿರಾರು ಕುರಿಗಳು ಮೇಯುತ್ತವೆ. ಆ ಎತ್ತರದಲ್ಲಿ ಮೂರು ನಿಮಿಷ ಕುದಿಸಿ, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ. ದಿನಕ್ಕೆ ಮೂರು-ನಾಲ್ಕು ಲೀಟರ್ ಹೋಗಬೇಕು.

ಟಾಯ್ಲೆಟ್‌ಗೆ ಏನು ಮಾಡ್ತೀರಿ? ಮುಟ್ಟಿನ ದಿನ ಬಂದರೆ?

ಇದನ್ನು ಕೇಳಲು ಎಲ್ಲರಿಗೂ ಸಂಕೋಚ, ಕೇಳಬೇಕಾದ್ದೇ ಇದು. ಟಾಯ್ಲೆಟ್ ಟೆಂಟ್ ಇಲ್ಲದಿದ್ದರೆ ನೀರಿನಿಂದ ಎಪ್ಪತ್ತು ಹೆಜ್ಜೆಗೂ ದೂರ ಹೋಗಿ ಗೇಣುದ್ದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಿ. ಒದ್ದೆ ಟಿಶ್ಯೂ ಮಣ್ಣಿನಲ್ಲಿ ಕರಗುವುದಿಲ್ಲ, ಅದನ್ನು ಚೀಲದಲ್ಲಿ ವಾಪಸ್ ತನ್ನಿ.

ನಮ್ಮ ಗೆಳತಿಯೊಬ್ಬಳಿಗೆ ಗಡ್‌ಸರ್‌ನಲ್ಲಿ ಮುಟ್ಟಾಯಿತು. ತಾರೀಕಿಗಿಂತ ಒಂದು ವಾರ ಮುಂಚೆ. ಎತ್ತರಕ್ಕೆ, ದಣಿವಿಗೆ ಹೀಗೆ ಹಿಂದೆಮುಂದೆ ಆಗುವುದುಂಟು. ತಾರೀಕು ದೂರ ಇದ್ದರೂ ಬೇಕಾದ್ದನ್ನು ಒಯ್ಯಿರಿ. ಪ್ಯಾಡ್ ಹೂಳಬೇಡಿ, ನಾಯಿಗಳು ಕೆದಕುತ್ತವೆ. ಕಪ್ಪು ಚೀಲದಲ್ಲಿ ಕಟ್ಟಿ ಕೆಳಗೆ ತಂದಳು. ಅವಳು ಮೊದಲ ಸಂಜೆಯೇ ಎಲ್ಲರೆದುರು ಹೇಳಿದ್ದರಿಂದ ಮರುದಿನ ಅವಳ ಬ್ಯಾಗಿನ ಭಾರ ನಾವು ಹಂಚಿಕೊಂಡೆವು. ಗೆಳೆಯರ ಜೊತೆ ಹೋಗುವುದರ ಸುಖ ಇದು, ಮುಚ್ಚಿಡಬೇಕಾಗಿಲ್ಲ.

ಕೆರೆಯಲ್ಲಿ ಈಜಬಹುದಾ?

ಈಜಬೇಡಿ. ಆ ನೀರು ಹಿಮ ಕರಗಿದ್ದು. ಧುಮುಕಿದ ಕ್ಷಣ ಉಸಿರು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ, ಬಾಯಿ ನೀರಿನಲ್ಲಿದ್ದರೆ ನೀರೇ ಒಳಗೆ ಹೋಗುತ್ತದೆ. ಊರ ಕೆರೆಯಲ್ಲಿ ಈಜಿ ಬೆಳೆದವರಿಗೂ ಇದೇ ಮಾತು. ಕಾಲು ಇಳಿಬಿಟ್ಟು ಕೂರಿ. ಮೀನು ಹಿಡಿಯುವ ಆಸೆ ಇದ್ದರೆ ಟ್ರೌಟ್ ಇದೆ, ಆದರೆ ಮೀನುಗಾರಿಕೆ ಇಲಾಖೆಯ ಪರ್ಮಿಟ್ ಬೇಕು.

ದಾರಿಯಲ್ಲಿ ಮನುಷ್ಯರು ಸಿಗ್ತಾರಾ?

ಸಿಗುತ್ತಾರೆ. ಗುಜ್ಜರರು, ಬಕರ್‌ವಾಲರು. ಚಳಿಗಾಲವನ್ನು ಜಮ್ಮು ಕಡೆಯ ತಗ್ಗಿನಲ್ಲಿ ಕಳೆದು, ಬೇಸಿಗೆಗೆ ಕುರಿ, ಮೇಕೆ, ಕುದುರೆ, ಮಕ್ಕಳ ಸಮೇತ ವಾರಗಟ್ಟಲೆ ನಡೆದು ಇಲ್ಲಿಗೆ ಬರುತ್ತಾರೆ. ನಮ್ಮ ಕಡೆ ಬೆಳಗಾವಿ, ಬಾಗಲಕೋಟೆ ಸೀಮೆಯ ಕುರಿಗಾರರು ಕುರಿ ಹೊಡೆದುಕೊಂಡು ಊರೂರು ದಾಟುವುದನ್ನು ನೋಡಿದವರಿಗೆ ಆ ನಡಿಗೆ ಗುರುತು ಸಿಗುತ್ತದೆ. ಅವರ ನಾಯಿಗಳು ಭಾರಿ ಜೋರು, ಹಿಂಡಿನ ನಡುವೆ ನುಗ್ಗದೆ ಸುತ್ತಿ ಹೋಗಿ. ಹೆಂಗಸರ, ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ. ಮಕ್ಕಳಿಗೆ ಚಾಕಲೇಟ್ ಹಂಚಿ ಕೈಚಾಚುವುದನ್ನು ಕಲಿಸಬೇಡಿ. ಸಾಮಾನ್ಯ ಔಷಧಿ, ಬ್ಯಾಂಡೇಜ್ ಕೇಳಿದರೆ ದೊಡ್ಡವರ ಕೈಗೆ ಕೊಡಿ.

## ಗೆಳೆಯರ ಗುಂಪಿನ ವಿಷಯ

ನಮ್ಮಲ್ಲಿ ಇಬ್ಬರು ಓಡ್ತಾರೆ, ಒಬ್ಬಳು ತುಂಬಾ ನಿಧಾನ. ಹೇಗೆ ಸಂಭಾಳಿಸೋದು?

ನನಗೆ ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಗುಂಪಿನ ವೇಗ ಅಂದರೆ ಅತಿ ನಿಧಾನ ನಡೆಯುವವರ ವೇಗ. ಇದನ್ನು ಸೋನಮರ್ಗ್‌ನಲ್ಲಿ ಅಲ್ಲ, ಟಿಕೆಟ್ ಮಾಡಿಸುವ ಮುಂಚೆ ಎಲ್ಲರೂ ಒಪ್ಪಿಕೊಳ್ಳಬೇಕು. ಒಪ್ಪದವರು ಬೇರೆ ಗುಂಪು ನೋಡಿಕೊಳ್ಳಲಿ, ಸ್ನೇಹ ಉಳಿಯುತ್ತದೆ.

ನಾವು ಮಾಡಿದ್ದು ಹೀಗೆ. ಗೈಡ್ ಮುಂದೆ, ಅವರ ಹಿಂದೆಯೇ ನಮ್ಮ ನಿಧಾನದ ಗೆಳತಿ, ಕೊನೆಗೆ ಅತಿ ವೇಗದವನು. ನಿಧಾನದವರನ್ನು ಕೊನೆಗೆ ಬಿಟ್ಟರೆ ಏನಾಗುತ್ತದೆ ನೋಡಿ: ಮುಂದಿನವರು ಹತ್ತು ನಿಮಿಷ ಕೂತು ಸುಧಾರಿಸಿಕೊಳ್ಳುತ್ತಾರೆ, ಅವಳು ಏದುಸಿರು ಬಿಡುತ್ತಾ ಬಂದ ಕೂಡಲೇ ‘ಬಾ ಹೋಗೋಣ’ ಎಂದು ಏಳುತ್ತಾರೆ. ವಿಶ್ರಾಂತಿ ಬೇಕಾದವಳಿಗೆ ವಿಶ್ರಾಂತಿಯೇ ಇಲ್ಲ. ಎರಡು ದಿನ ಹೀಗಾದರೆ ಕಾಲಲ್ಲ, ಮನಸ್ಸು ಸೋಲುತ್ತದೆ. ಅವಳನ್ನು ಮುಂದೆ ಬಿಟ್ಟ ಮೇಲೆ ದಿನಕ್ಕೆ ಒಂದು ಗಂಟೆ ಜಾಸ್ತಿ ಹಿಡಿಯಿತು, ಅಷ್ಟೇ. ಓಡುವವನ ಬ್ಯಾಗಿಗೆ ಅವಳ ಬ್ಯಾಗಿನಿಂದ ಎರಡು ಕೆ.ಜಿ. ಹಾಕಿದೆವು, ಇಬ್ಬರ ನಡಿಗೆಯೂ ಹೊಂದಿಕೊಂಡಿತು.

ಜಗಳ ಆಗಲಿಲ್ವಾ?

ಆಯಿತು. ಗಡ್‌ಸರ್‌ನಲ್ಲಿ, ಸಂಜೆ, ಒದ್ದೆ ಬಟ್ಟೆ ಎಲ್ಲಿ ಒಣಗಿಸುವುದು ಎಂಬ ಮಾತಿಗೆ. ನಿಜವಾದ ಕಾರಣ ಹಸಿವು, ಚಳಿ. ಅದಾದ ಮೇಲೆ ಕ್ಯಾಂಪ್ ತಲುಪಿದ ಕೂಡಲೇ ಮೊದಲು ಬಿಸಿ ಏನಾದರೂ ಕುಡಿಯುವುದು, ಆಮೇಲೆಯೇ ಮಾತು ಎಂದು ಮಾಡಿಕೊಂಡೆವು. ಮತ್ತೆ ಜಗಳ ಬರಲಿಲ್ಲ.

ದುಡ್ಡು ಹೇಗೆ ಹಂಚಿಕೊಂಡಿರಿ?

ಎಲ್ಲರೂ ಮೊದಲೇ ಒಂದೇ ಮೊತ್ತ ಹಾಕಿದೆವು, ಒಬ್ಬಳು ಲೆಕ್ಕ ಬರೆದಳು. ಸೋನಮರ್ಗ್ ಬಿಟ್ಟ ಮೇಲೆ ಎಟಿಎಂ ಇಲ್ಲ, ನಗದು ಇರಲಿ. ಕುದುರೆಯವರಿಗೆ, ಅಡುಗೆಯವರಿಗೆ ಕೊಡುವ ಭಕ್ಷೀಸನ್ನು ಬೇರೆ ಕವರಿನಲ್ಲಿ ಮೊದಲೇ ತೆಗೆದಿಡಿ. ಹೆಚ್ಚುವರಿ ದಿನ ನಿಂತರೆ ಅವರಿಗೂ ಆ ದಿನದ ಕೂಲಿ ಕೊಡಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

## ಸ್ವಲ್ಪ ಆಳದ ಪ್ರಶ್ನೆಗಳು

ಎತ್ತರದ ಕಾಯಿಲೆ ಅಂತಾರಲ್ಲ, ಅದು ಬಂದರೆ ಏನು ಮಾಡ್ಬೇಕು?

ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ದೆ ಬರದಿರುವುದು. ಇವು ಮೊದಲ ಲಕ್ಷಣಗಳು. ಆಗ ಮೇಲೆ ಹೋಗಬಾರದು, ಅಲ್ಲೇ ನಿಲ್ಲಬೇಕು. ಕೂತಾಗಲೂ ಏದುಸಿರು, ಕೆಮ್ಮು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಅದು ಶ್ವಾಸಕೋಶಕ್ಕೆ, ಮೆದುಳಿಗೆ ನೀರು ತುಂಬುವ ಸೂಚನೆ. ಆಗ ರಾತ್ರಿಯಾದರೂ ಸರಿ ಕೆಳಗೆ ಇಳಿಸಬೇಕು. ಹೆಲಿಕಾಪ್ಟರ್ ಬರುತ್ತದೆ ಎಂದು ನಂಬಿ ಕೂರಬೇಡಿ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿ.ಗ್ರಾಂನಂತೆ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಆದರೆ ಸಲ್ಫಾ ಔಷಧಿಗಳ ಅಲರ್ಜಿ ಇದ್ದವರು ಇದ್ದಾರೆ, ನಿಮ್ಮ ಡಾಕ್ಟರನ್ನು ಕೇಳದೆ ನುಂಗಬೇಡಿ.

ಈ ದಾರಿಯಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ, ಅದನ್ನು ಬಹಳ ಜನ ಹೇಳುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎನ್ನುತ್ತಾರೆ. ಸೋನಮರ್ಗ್ ಸುಮಾರು 2,700 ಮೀಟರ್, ನಿಚ್ನಾಯಿ ಕ್ಯಾಂಪ್ ಸುಮಾರು 3,500. ಮೊದಲ ದಿನವೇ ದೊಡ್ಡ ನೆಗೆತ. ಬೆಂಗಳೂರು ಇರುವುದೇ 900 ಮೀಟರ್ ಚಿಲ್ಲರೆ ಎತ್ತರದಲ್ಲಿ. ಹಾಗಾಗಿ ನಿಚ್ನಾಯಿಯಲ್ಲಿ ತಲೆ ಹಿಡಿದುಕೊಂಡು ಕೂರುವವರು ಬಹಳ. ಇದಕ್ಕೇ ಸೋನಮರ್ಗ್‌ನಲ್ಲಿ ಒಂದಲ್ಲ, ಎರಡು ರಾತ್ರಿ ಕಳೆಯಿರಿ.

ಇನ್ನೊಂದು: ನಿಚ್ನಾಯಿ ಪಾಸ್ ಸುಮಾರು 4,100 ಮೀಟರ್, ಅದರಾಚೆಯ ವಿಶನ್‌ಸರ್ ಸುಮಾರು 3,700. ವಿಶನ್‌ಸರ್‌ನಲ್ಲಿ ಹುಷಾರು ತಪ್ಪಿ ಸೋನಮರ್ಗ್‌ಗೆ ವಾಪಸ್ ಹೋಗಬೇಕೆಂದರೆ ಮೊದಲು ಅದೇ ಪಾಸ್ ಮತ್ತೆ ಏರಬೇಕು. ಇಳಿಯಲು ಏರಬೇಕಾದ ಜಾಗ ಅದು. ಆದ್ದರಿಂದ ಹೋಗುವುದೋ ಬೇಡವೋ ಎಂಬ ತೀರ್ಮಾನ ಆಗಬೇಕಾದ್ದು ನಿಚ್ನಾಯಿಯಲ್ಲಿ. ಅಲ್ಲಿಂದ ಸೋನಮರ್ಗ್‌ಗೆ ಬರೀ ಇಳಿಜಾರು.

ನಮ್ಮ ಗೆಳತಿಗೆ ಎರಡನೇ ಬೆಳಿಗ್ಗೆ ನಿಚ್ನಾಯಿಯಲ್ಲಿ ತಲೆ ಸಿಡಿಯುತ್ತಿತ್ತು. ಮೊದಲು ಹೇಳಲಿಲ್ಲ. ‘ನನ್ನಿಂದ ನಿಮಗೆಲ್ಲ ತೊಂದರೆ’ ಎಂದು ಮುಚ್ಚಿಟ್ಟಿದ್ದಳು. ಹುರಿಹಿಟ್ಟಿನ ಬಟ್ಟಲು ಮುಟ್ಟದೆ ಇಟ್ಟಿದ್ದನ್ನು ನೋಡಿ ಕೇಳಿದಾಗ ಕಣ್ಣಲ್ಲಿ ನೀರು ಬಂತು. ಅವತ್ತು ಟೆಂಟ್ ಬಿಚ್ಚಲಿಲ್ಲ. ನೀರು ಕುಡಿದು, ಹೊಳೆ ಪಕ್ಕದಲ್ಲಿ ಸುಮ್ನೆ ಅಡ್ಡಾಡಿ ದಿನ ಕಳೆದೆವು. ಮರುದಿನ ಬೆಳಿಗ್ಗೆ ಅವಳೇ ಮೊದಲು ಎದ್ದು ಹಸಿವು ಎಂದಳು. ಆಗ ಹೊರಟೆವು. ತಲೆನೋವು ಹೋಗದಿದ್ದರೆ ಐದೂ ಜನ ವಾಪಸ್ ಇಳಿಯುವುದೆಂದು ರಾತ್ರಿಯೇ ಮಾತಾಗಿತ್ತು.

ಹೆಚ್ಚುವರಿ ದಿನ ಇಟ್ಟುಕೊಳ್ಳೋಕೆ ರಜೆ ಇಲ್ಲ. ಏನು ಮಾಡ್ಲಿ?

ಹಾಗಿದ್ದರೆ ಈ ದಾರಿಯನ್ನು ಈ ವರ್ಷ ಬಿಡಿ, ಸಣ್ಣದೊಂದಕ್ಕೆ ಹೋಗಿ. ನಾರಾನಾಗ್‌ನಿಂದಲೇ ಹತ್ತಿ ಗಂಗಬಲ್, ನುಂದ್‌ಕೋಲ್ ನೋಡಿ ಅದೇ ದಾರಿಯಲ್ಲಿ ಇಳಿದರೆ ಮೂರು-ನಾಲ್ಕು ದಿನ ಸಾಕು. ಏರು ಕಡಿದು, ಆದರೆ ನಡುವೆ ದಾಟಬೇಕಾದ ಪಾಸ್ ಇಲ್ಲ. ಹುಷಾರು ತಪ್ಪಿದರೆ ನೇರ ಇಳಿಯಬಹುದು.

ಪಾಸ್ ದಿನ ಹವಾಮಾನ ಕೆಟ್ಟರೆ?

ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ಪಾಸ್ ಮೇಲಿರಬೇಕು. ಗುಡುಗು ಕೇಳಿಸಿದರೆ ಮೇಲಕ್ಕೆ ಹೋಗಬೇಡಿ, ಬಯಲಿನ ಒಂಟಿ ಬಂಡೆ ಪಕ್ಕ ನಿಲ್ಲಬೇಡಿ, ಕೋಲು ದೂರ ಇಡಿ. ಹೊಳೆ ದಾಟುವುದೂ ಬೆಳಿಗ್ಗೆಯೇ ಮೇಲು. ಮಧ್ಯಾಹ್ನ ಹಿಮ ಕರಗಿ ನೀರು ಏರುತ್ತದೆ. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಡಿ, ಬಿದ್ದರೆ ಕಳಚಿಕೊಳ್ಳಲು ಆಗಬೇಕು.

ಗಂಗಬಲ್‌ಗೆ ಅಷ್ಟು ಮಹತ್ವ ಯಾಕೆ?

ಗಂಗಬಲ್ ಸುಮಾರು 2.5 ಕಿ.ಮೀ. ಉದ್ದದ ಸರೋವರ. ಅದರ ಹಿಂದೆ 5,142 ಮೀಟರ್ ಎತ್ತರದ ಹರ್ಮುಖ್ ಪರ್ವತ. ಕಾಶ್ಮೀರಿ ಪಂಡಿತರಿಗೆ ಇದು ಗಂಗೆಯೇ. ಹಿರಿಯರ ಅಸ್ಥಿಯನ್ನು ಇಲ್ಲಿ ಬಿಡುತ್ತಿದ್ದರು. ನಿಂತುಹೋಗಿದ್ದ ಗಂಗಬಲ್ ಯಾತ್ರೆ 2009ರಲ್ಲಿ ಮತ್ತೆ ಶುರುವಾಯಿತು. ಕೆಳಗೆ ನಾರಾನಾಗ್‌ನಲ್ಲಿ ಶಿವಾಲಯಗಳ ಅವಶೇಷ ಇವೆ, 8ನೇ ಶತಮಾನದ ಲಲಿತಾದಿತ್ಯನ ಕಾಲದವು ಎನ್ನುತ್ತಾರೆ. ಇಳಿದು ಸುಸ್ತಾಗಿ ನೇರ ಟ್ಯಾಕ್ಸಿ ಹತ್ತಬೇಡಿ. ಆ ಕಲ್ಲುಗಳ ನಡುವೆ ಒಂದು ಗಂಟೆ ಕಳೆಯಿರಿ.

ಹರ್ಮುಖ್‌ಗೆ ಇನ್ನೊಂದು ಕಥೆ ಇದೆ. 1856ರಲ್ಲಿ ಮಾಂಟ್‌ಗೊಮರಿ ಎಂಬ ಸರ್ವೆ ಅಧಿಕಾರಿ ಈ ಬೆಟ್ಟದ ಮೇಲೆ ನಿಂತು ದೂರದ ಕಾರಕೋರಂ ಸಾಲು ನೋಡಿ, ಕಂಡ ಶಿಖರಗಳಿಗೆ ಕೆ1, ಕೆ2 ಎಂದು ಗುರುತು ಹಾಕಿದ. ಜಗತ್ತಿನ ಎರಡನೇ ಅತಿ ಎತ್ತರದ ಶಿಖರಕ್ಕೆ ಆ ಗುರುತೇ ಹೆಸರಾಗಿ ಉಳಿಯಿತು.

ಮತ್ತೆ ಹೋದರೆ ಏನು ಬದಲಿಸ್ತೀರಿ?

ಗಂಗಬಲ್‌ನಲ್ಲಿ ಎರಡು ರಾತ್ರಿ ಇರುತ್ತೇವೆ. ಈ ಸಲ ಸಂಜೆ ನಾಲ್ಕಕ್ಕೆ ತಲುಪಿ ಬೆಳಿಗ್ಗೆ ಏಳಕ್ಕೆ ಹೊರಟುಬಿಟ್ಟೆವು. ಸ್ವಂತ ಶೂ ಎಲ್ಲರ ಕಾಲಲ್ಲೂ ಇರುತ್ತದೆ. ಚಿಕ್ಕಿ ಎರಡು ಕೆ.ಜಿ. ಜಾಸ್ತಿ ಇರುತ್ತದೆ. ನಿಚ್ನಾಯಿಯಲ್ಲಿ ತಲೆನೋವು ಬಂದಿದ್ದ ಗೆಳತಿ ಈಗಾಗಲೇ ಮೈಸೂರಿನಲ್ಲಿ ಮೆಟ್ಟಿಲು ಹತ್ತಲು ಶುರು ಮಾಡಿದ್ದಾಳೆ. ಈ ಸಲ ಲೆಕ್ಕದ ಪುಸ್ತಕವೂ ಅವಳದೇ, ಹೆಚ್ಚುವರಿ ದಿನಗಳ ಕಾಲಂನಲ್ಲಿ ಅವಳು ಎರಡು ಎಂದು ಬರೆದಿದ್ದಾಳೆ.